ಆ ಟೇಬಲ್ಲಿನವರು ಇವತ್ತು ರಜಾ

ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತಿದವರಲ್ಲಿ ಈ ಮಾತನ್ನು ಒಮ್ಮೆಯಾದರೂ ಕೇಳದೆ ಇಳಿದವರು ವಿರಳ: ‘ಆ ಟೇಬಲ್ಲಿನವರು ಇವತ್ತು ರಜಾ. ನಾಳೆ ಬನ್ನಿ.’ ಸಾಹೇಬರು ಕೊಠಡಿಯಲ್ಲಿ ಇದ್ದಾರೆ. ಅವರ ಮೇಜಿನ ಮೇಲೆ ಗಾಜಿದೆ, ಗಂಟೆಯಿದೆ, ಬಾಗಿಲ ಹೊರಗೆ ಜವಾನನಿದ್ದಾನೆ, ಅಂಗಳದಲ್ಲಿ ಜೀಪಿದೆ. ಸಹಿ ಮಾಡುವ ಅಧಿಕಾರವೂ ಅವರದೇ. ಆದರೂ ಕೆಲಸ ಆಗುವುದಿಲ್ಲ. ಏಕೆಂದರೆ ಕಡತ ಎಲ್ಲಿದೆ, ಅದರಲ್ಲಿ ಏನಿದೆ, ಯಾವ ಕಾಗದ ಬಂದಿಲ್ಲ, ಯಾವ ಸುತ್ತೋಲೆಯ ಪ್ರಕಾರ ಮುಂದೆ ಹೋಗಬೇಕು ಎಂಬುದೆಲ್ಲ ಗೊತ್ತಿರುವ ಒಬ್ಬರೇ ಒಬ್ಬರು ಅಂದು ಬಂದಿಲ್ಲ. ಅರ್ಜಿದಾರ ಗೊಣಗುತ್ತಾನೆ, ಬಸ್ಸಿನ ದುಡ್ಡು ದಂಡವಾಯಿತೆಂದು ಶಪಿಸುತ್ತಾನೆ. ತಾನು ಇಷ್ಟು ಹೊತ್ತೂ ಹುಡುಕಿದ್ದು ಸಾಹೇಬರನ್ನಲ್ಲ, ಗುಮಾಸ್ತರನ್ನು ಎಂಬುದು ಅವನ ಗಮನಕ್ಕೆ ಬರುವುದೇ ಇಲ್ಲ.

ಗುಮಾಸ್ತ ಎಂಬ ಪದಕ್ಕೆ ಈಗ ಮರ್ಯಾದೆ ಕಡಿಮೆ. ಸರ್ಕಾರವೂ ಅದನ್ನು ಬಿಟ್ಟು ಬಹಳ ಕಾಲವಾಯಿತು. ಪ್ರಥಮ ದರ್ಜೆ ಸಹಾಯಕ, ದ್ವಿತೀಯ ದರ್ಜೆ ಸಹಾಯಕ ಎಂಬುವು ಕಾಗದದ ಮೇಲಿನ ಹೆಸರುಗಳು. ಬಾಯಲ್ಲಿ ಅವು ಎಫ್‌ಡಿಎ, ಎಸ್‌ಡಿಎ. ಒಂದು ನಿರ್ದಿಷ್ಟ ವಿಷಯವನ್ನು ನೋಡಿಕೊಳ್ಳುವವರಾದರೆ ‘ವಿಷಯ ನಿರ್ವಾಹಕರು’, ಜನರ ಬಾಯಲ್ಲಿ ‘ಕೇಸ್ ವರ್ಕರ್’. ಸಾಹೇಬರ ಕೊಠಡಿಯ ಪಕ್ಕದಲ್ಲಿ ಕೂತವರಾದರೆ ‘ಆಪ್ತ ಸಹಾಯಕರು’. ಈ ಕೊನೆಯ ಹೆಸರು ಮಾತ್ರ ಸೊಗಸಾಗಿದೆ. ಇಂಗ್ಲಿಷಿನ ಸೆಕ್ರೆಟರಿ ಎಂಬ ಪದದ ಹೊಟ್ಟೆಯಲ್ಲಿ ಗುಟ್ಟು ಎಂಬ ಅರ್ಥವಿದೆ. ಕನ್ನಡದ ಆಪ್ತ ಎಂಬಲ್ಲಿ ನಂಬಿಕೆ ಇದೆ. ಅಧಿಕಾರಿಯ ಹೆಂಡತಿಗೆ ಗೊತ್ತಿಲ್ಲದ ರಕ್ತದೊತ್ತಡದ ಮಾತ್ರೆ ಯಾವ ಡ್ರಾಯರಿನಲ್ಲಿದೆ ಎಂಬುದು ಆಪ್ತ ಸಹಾಯಕರಿಗೆ ಗೊತ್ತಿರುತ್ತದೆ ಎನ್ನುವುದು ತಮಾಷೆಯ ಮಾತೇನಲ್ಲ.

ಕಚೇರಿಯ ಶಬ್ದಕೋಶವನ್ನು ನೋಡಿದರೆ ಈ ಕಸುಬಿನ ವಯಸ್ಸು ತಿಳಿಯುತ್ತದೆ. ಕಚೇರಿ, ದಫ್ತರ, ಶಿರಸ್ತೇದಾರ, ತಹಶೀಲ್ದಾರ, ಜವಾನ, ಗುಮಾಸ್ತ ಎಲ್ಲವೂ ಪಾರಸಿ, ಉರ್ದು, ಮರಾಠಿಗಳ ದಾರಿಯಿಂದ ಬಂದು ಇಲ್ಲಿಯೇ ಮನೆ ಮಾಡಿಕೊಂಡವು. ಆದರೆ ‘ಕಡತ’ ನಮ್ಮದೇ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕರಿಯ ಪುಸ್ತಕವೇ ಕಡತ. ಶಾನುಭೋಗರು, ವರ್ತಕರು, ಮಠದ ಪಾರುಪತ್ಯಗಾರರು ಲೆಕ್ಕ ಬರೆದದ್ದು ಅದರಲ್ಲಿಯೇ. ಶೃಂಗೇರಿ ಮಠದ ಕಡತಗಳನ್ನು ಇತಿಹಾಸಕಾರರು ಇಂದಿಗೂ ಆಧಾರವಾಗಿ ಬಳಸುತ್ತಾರೆ. ಅವುಗಳನ್ನು ಬರೆದ ಕೈಗಳು ಯಾರವೆಂದು ಯಾರೂ ಕೇಳುವುದಿಲ್ಲ. ಆ ಪದ್ಧತಿ ಅಂದಿನಿಂದಲೇ ಇದೆ ಎನ್ನಬೇಕು.

ಚಿಕ್ಕದೇವರಾಜ ಒಡೆಯರು ಮೈಸೂರಿನ ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ಹಂಚಿ ‘ಅಠಾರಾ ಕಚೇರಿ’ ಏರ್ಪಡಿಸಿದರೆಂದು ಚರಿತ್ರೆ ಹೇಳುತ್ತದೆ. ಅದೇ ಹೆಸರು 1860ರ ದಶಕದಲ್ಲಿ ಬೆಂಗಳೂರಿನಲ್ಲಿ ಎದ್ದ ಕೆಂಪು ಕಟ್ಟಡಕ್ಕೆ ಅಂಟಿಕೊಂಡಿತು. ಈಗ ಅಲ್ಲಿ ಹೈಕೋರ್ಟು ಇದೆ. ಅದರ ಎದುರಿಗೇ ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ ವಿಧಾನಸೌಧ 1956ರಲ್ಲಿ ತಲೆಯೆತ್ತಿದಾಗ ಕಡತಗಳೂ, ಅವುಗಳ ಹಿಂದೆ ಗುಮಾಸ್ತರೂ ರಸ್ತೆ ದಾಟಿದರು. ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕಟ್ಟಡದ ಹಣೆಯ ಮೇಲೆ ಬರೆಸಲಾಯಿತು. ದೇವರ ಕೆಲಸ ಎಂದ ಮೇಲೆ ಮಡಿ ಉಟ್ಟ ಅರ್ಚಕರು ಒಬ್ಬರಾದರೆ, ಹೂ ಬಿಡಿಸಿ, ಗಂಧ ತೇಯ್ದು, ಪಾತ್ರೆ ಬೆಳಗಿ, ದೀಪಕ್ಕೆ ಎಣ್ಣೆ ಹಾಕುವ ಪರಿಚಾರಕರು ಬೇರೆ ಇರಲೇಬೇಕಲ್ಲ.

ಒಂದು ಅರ್ಜಿಯ ದಾರಿಯನ್ನು ನೋಡಿದರೆ ಈ ಪರಿಚಾರಿಕೆಯ ಸ್ವರೂಪ ತಿಳಿದೀತು. ಅರ್ಜಿ ಮೊದಲು ಟಪ್ಪಾಲಿಗೆ ಬರುತ್ತದೆ. ಆವಕ ವಹಿಯಲ್ಲಿ ನಂಬರು ಬೀಳುತ್ತದೆ, ಮೊಹರು ಒತ್ತಲಾಗುತ್ತದೆ. ಸಾಹೇಬರು ನೋಡಿ ಯಾವ ಶಾಖೆಗೆಂದು ಗುರುತು ಹಾಕುತ್ತಾರೆ. ಶಾಖೆಯಲ್ಲಿ ಅದು ವಿಷಯ ನಿರ್ವಾಹಕರ ಮೇಜಿಗೆ ಬರುತ್ತದೆ. ಹೊಸ ವಿಷಯವಾದರೆ ಹೊಸ ಕಡತ, ಹಳೆಯದಾದರೆ ಹಳೆಯ ಕಡತವನ್ನು ಹುಡುಕಿ ತೆಗೆದು ಅದಕ್ಕೆ ಸೇರಿಸಬೇಕು. ಕಡತದಲ್ಲಿ ಎರಡು ಭಾಗ. ಒಂದು ಪತ್ರ ವ್ಯವಹಾರದ್ದು, ಇನ್ನೊಂದು ಟಿಪ್ಪಣಿಯದು. ಟಿಪ್ಪಣಿ ಹಾಳೆಯಲ್ಲಿ ಪ್ಯಾರಾಗಳಿಗೆ ಅಂಕಿ ಹಾಕಿ ಬರೆಯಬೇಕು: ಅರ್ಜಿಯಲ್ಲಿ ಏನು ಕೋರಿದೆ, ನಿಯಮ ಏನು ಹೇಳುತ್ತದೆ, ಹಿಂದೆ ಇಂಥದೇ ಪ್ರಸಂಗದಲ್ಲಿ ಏನು ತೀರ್ಮಾನವಾಗಿತ್ತು, ಈಗ ಏನು ಮಾಡಬಹುದು. ಕೊನೆಗೆ ‘ಸೂಕ್ತ ಆದೇಶಕ್ಕಾಗಿ ಮಂಡಿಸಿದೆ’ ಎಂದು ಬರೆದು ಎಡಗಡೆ ಒಂದು ಚಿಕ್ಕ ರುಜು. ಅಲ್ಲಿಂದ ಅಧೀಕ್ಷಕರು, ವ್ಯವಸ್ಥಾಪಕರು, ಸಾಹೇಬರು. ಮೇಲೆ ಹೋದ ಹಾಗೆಲ್ಲ ಬರವಣಿಗೆ ಚಿಕ್ಕದಾಗುತ್ತದೆ, ರುಜು ದೊಡ್ಡದಾಗುತ್ತದೆ. ಕೆಳಗೆ ಎರಡು ಪುಟ ಟಿಪ್ಪಣಿ ಇದ್ದರೆ ಮೇಲೆ ‘ಅನುಮೋದಿಸಿದೆ’ ಎಂಬ ಒಂದೇ ಪದ.

ಇದರಲ್ಲಿ ತಪ್ಪೇನೂ ಇಲ್ಲ. ನಿರ್ಧಾರದ ಹೊಣೆ ಮೇಲಿನವರದು, ಬೈಗುಳವೂ ಅವರದು. ಆದರೆ ನಿರ್ಧಾರ ಎಂಬುದು ಮೇಜಿನ ಮೇಲೆ ಬರುವ ಹೊತ್ತಿಗೆ ಮುಕ್ಕಾಲು ಪಾಲು ಬೆಂದಿರುತ್ತದೆ. ಹಿಂದಿನ ಪ್ರಸಂಗವನ್ನು ಹುಡುಕಿ ಇಟ್ಟಿದ್ದರೆ ಒಂದು ಬಗೆ, ಇಡದಿದ್ದರೆ ಇನ್ನೊಂದು ಬಗೆ. ಸಾಹೇಬರು ಎರಡು ಮೂರು ವರ್ಷಕ್ಕೆ ವರ್ಗವಾಗಿ ಹೋಗುತ್ತಾರೆ. ಕೆಲವರು ಎರಡು ಮೂರು ತಿಂಗಳಿಗೇ. ಬಂದ ಹೊಸಬರು ಊರಿನ ಕೆರೆ ಯಾವ ದಿಕ್ಕಿಗಿದೆ ಎಂದು ಕೇಳುವುದೂ ಗುಮಾಸ್ತರನ್ನೇ. ಕೆರೆಯಂಗಳದ ಒತ್ತುವರಿಯ ದಾವೆ ಯಾವ ಕೋರ್ಟಿನಲ್ಲಿ ಎಲ್ಲಿಯವರೆಗೆ ಬಂದಿದೆ ಎಂದು ಕೇಳುವುದೂ ಅವರನ್ನೇ.

ಟೈಪಿಸ್ಟರ ಮಾತನ್ನು ಇಲ್ಲಿ ಬಿಡುವಂತಿಲ್ಲ. ಒಂದು ಕಾಲಕ್ಕೆ ಪೇಟೆ ಬೀದಿಯ ಮಹಡಿಗಳಿಂದ ಸಂಜೆ ಹೊತ್ತು ಮಳೆ ಸುರಿದಂತೆ ಸದ್ದು ಕೇಳಿಬರುತ್ತಿತ್ತು. ಅವು ಟೈಪಿಂಗ್ ಶಾಲೆಗಳು. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿಯರು ಜೂನಿಯರ್, ಸೀನಿಯರ್ ಪರೀಕ್ಷೆಗೆ ಅಲ್ಲಿ ಬೆರಳು ಪಳಗಿಸುತ್ತಿದ್ದರು. ಎಷ್ಟೋ ಮನೆಗಳಲ್ಲಿ ಹೊಸ್ತಿಲು ದಾಟಿ ಸಂಬಳ ತಂದ ಮೊದಲ ಹೆಣ್ಣುಮಗಳು ಒಂದೋ ಟೀಚರು, ಇಲ್ಲವೇ ಟೈಪಿಸ್ಟು. ಅನಂತಸುಬ್ಬರಾಯರು ಕನ್ನಡಕ್ಕೆ ಕೀಲಿಮಣೆ ರೂಪಿಸಿಕೊಟ್ಟ ಮೇಲೂ ಕನ್ನಡ ಟೈಪಿಂಗು ಸುಲಭದ ಕೆಲಸವಾಗಿರಲಿಲ್ಲ. ತಲೆಕಟ್ಟು, ಗುಡಿಸು, ಕೊಂಬು, ದೀರ್ಘ, ಒತ್ತಕ್ಷರ ಎಲ್ಲವನ್ನೂ ಬಿಡಿಬಿಡಿಯಾಗಿ ಒತ್ತಿ ಒಂದಕ್ಷರ ಕಟ್ಟಬೇಕು. ಮಧ್ಯೆ ಕಾರ್ಬನ್ ಹಾಳೆ ಇಟ್ಟು ನಾಲ್ಕು ಪ್ರತಿ ತೆಗೆಯುವಾಗ ಒಂದು ಅಕ್ಷರ ತಪ್ಪಿದರೆ ನಾಲ್ಕರಲ್ಲೂ ಉಜ್ಜಿ ತಿದ್ದಬೇಕು. ಸ್ಟೆನ್ಸಿಲ್ ಕೊರೆಯುವಾಗ ತಪ್ಪಿದರಂತೂ ಬಣ್ಣದ ದ್ರವ ಹಚ್ಚಿ, ಬಾಯಿಂದ ಊದಿ ಒಣಗಿಸಿ, ಅದರ ಮೇಲೆ ಮತ್ತೆ ಕೊರೆಯಬೇಕು. ಗೋದ್ರೆಜ್ ಕಂಪೆನಿ 1955ರಲ್ಲಿ ತಯಾರಿಸತೊಡಗಿದ ಟೈಪ್‌ರೈಟರುಗಳ ತಯಾರಿಕೆ ನಿಂತು ಹೋಗಿ ಈಗ ಹದಿನೈದು ವರ್ಷ ದಾಟಿತು. ಅದರ ಜಾಗದಲ್ಲಿ ಕಂಪ್ಯೂಟರು, ‘ನುಡಿ’ ತಂತ್ರಾಂಶ ಬಂದು ಕೂತಿವೆ. ಯಂತ್ರ ಹೋಯಿತು, ಕೆಲಸ ಹೋಗಲಿಲ್ಲ. ಹಿಂದೆ ಸಾಹೇಬರು ಒಂದು ಸಲ ಬರೆಸಿದ ಪತ್ರವನ್ನು ಮತ್ತೆ ಟೈಪಿಸಲು ಹೇಳಲು ಅಳುಕುತ್ತಿದ್ದರು. ಈಗ ‘ಸ್ವಲ್ಪ ಬದಲಾಯಿಸಿ, ಇನ್ನೊಂದು ಪ್ರಿಂಟ್ ತೆಗೀರಮ್ಮ’ ಎನ್ನಲು ಯಾವ ಅಳುಕೂ ಇಲ್ಲ.

ಕನ್ನಡವನ್ನು ಆಡಳಿತ ಭಾಷೆಯಾಗಿಸುವ ಕಾನೂನು 1963ರಲ್ಲಿ ಬಂತು. ಕಾನೂನು ಭಾಷೆಯನ್ನು ತರುವುದಿಲ್ಲ. ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆದು ರೂಢಿಯಾಗಿದ್ದ ಕೈಗಳು ಕನ್ನಡಕ್ಕೆ ತಿರುಗಬೇಕಾಯಿತು. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’, ‘ಉಲ್ಲೇಖಿತ ಪತ್ರದಲ್ಲಿ ಕೋರಿರುವಂತೆ’, ‘ತಮ್ಮ ಅವಗಾಹನೆಗಾಗಿ’ ಎಂಬಂಥ ಮಾತುಗಳು ಪಂಡಿತರ ಸಮಿತಿಯಿಂದ ಎಷ್ಟು ಬಂದವೋ, ಶಾಖೆಯ ಮೇಜುಗಳಿಂದಲೂ ಅಷ್ಟೇ ಬಂದವು. ಈ ಕನ್ನಡವನ್ನು ನೋಡಿ ಸಾಹಿತಿಗಳು ನಕ್ಕಿದ್ದಾರೆ. ನಗಬಾರದೆಂದೇನಿಲ್ಲ. ಆದರೆ ಆ ಮೇಜುಗಳ ಹಿಂದೆ ಒಮ್ಮೊಮ್ಮೆ ಸಾಹಿತಿಗಳೇ ಕೂತಿದ್ದರು. ‘ಮೈಸೂರ ಮಲ್ಲಿಗೆ’ 1942ರಲ್ಲಿ ಹೊರಬಂದಾಗ ಕೆ.ಎಸ್. ನರಸಿಂಹಸ್ವಾಮಿಯವರು ಸರ್ಕಾರಿ ಗುಮಾಸ್ತರು. ನಾಡಿನ ಮದುವೆಮನೆಗಳಿಗೆಲ್ಲ ಹಾಡು ಒದಗಿಸಿದ ಅದೇ ಕೈ ಹಗಲು ಹೊತ್ತಿನಲ್ಲಿ ಕಚೇರಿಯ ಕಾಗದಗಳನ್ನು ಬರೆಯುತ್ತಿತ್ತು.

ಇದೆಲ್ಲ ಹೊಗಳಿಕೆಯ ಮಾತಾಯಿತು. ಇನ್ನೊಂದು ಮುಖವನ್ನು ಓದುಗರು ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ಕಡತವನ್ನು ಬಲ್ಲವನೇ ಕಡತವನ್ನು ಬಚ್ಚಿಡಲೂ ಬಲ್ಲ. ಒಂದು ಕಾಗದ ಕಡಿಮೆಯಿದೆ ಎಂದು ಒಂದೇ ಸಲಕ್ಕೆ ಹೇಳದೆ, ವಾರಕ್ಕೊಂದರಂತೆ ಹೇಳಿ ಅರ್ಜಿದಾರನನ್ನು ಸವೆಸುವ ಕಲೆಯೂ ಆ ಮೇಜಿನದೇ. ‘ಕಾಫಿಗೆ’ ಎಂದು ಮೊದಲಾಗುವ ಲೆಕ್ಕ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಲೋಕಾಯುಕ್ತದ ಬಲೆಗೆ ಬಿದ್ದವರ ಸುದ್ದಿಗಳು ಮತ್ತೆ ಮತ್ತೆ ತಿಳಿಸುತ್ತಲೇ ಇರುತ್ತವೆ. ಕರ್ನಾಟಕದಲ್ಲಿ 2012ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ‘ಸಕಾಲ’ ಹುಟ್ಟಿದ್ದೇ ಈ ಸಂಕಟದಿಂದ. ಮೊದಲಿಗೆ 11 ಇಲಾಖೆಗಳ 151 ಸೇವೆಗಳಿಗೆ ಗಡುವು ನಿಗದಿಯಾಯಿತು. ತಡವಾದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೊಡಬೇಕೆಂದಾಯಿತು. ಈ 20 ರೂಪಾಯಿಯನ್ನು ಕೇಳಿ ಪಡೆದವರು ಎಷ್ಟು ಮಂದಿಯೋ! ಆದರೆ ಗಡುವಿನ ಹೆದರಿಕೆ ಮೇಲಿನಿಂದ ಕೆಳಗಿಳಿದು ಬಂದು ನಿಂತದ್ದು ವಿಷಯ ನಿರ್ವಾಹಕರ ಮೇಜಿನ ಮೇಲೆಯೇ. ಒಳ್ಳೆಯದೇ ಆಯಿತು. ಕೆಲಸ ಮಾಡುತ್ತಿದ್ದವರು ಮೊದಲೂ ಮಾಡುತ್ತಿದ್ದರು. ಮಾಡದವರಿಗೆ ಗಡಿಯಾರ ತೋರಿಸುವುದು ಅಗತ್ಯವಾಗಿತ್ತು.

ಮಾಡುವವರು ಏನು ಮಾಡುತ್ತಾರೆ ಎಂಬುದಕ್ಕೆ ಶಿಕ್ಷಣ ಇಲಾಖೆಯ ತಾಲ್ಲೂಕು ಕಚೇರಿಗಳಿಗಿಂತ ಬೇರೆ ಉದಾಹರಣೆ ಬೇಡ. ಹಳ್ಳಿಯ ಪ್ರಾಥಮಿಕ ಶಾಲೆಯ ಮೇಷ್ಟ್ರೊಬ್ಬರು ಸೇವೆಯಲ್ಲಿರುವಾಗಲೇ ತೀರಿಕೊಂಡರೆನ್ನಿ. ಹದಿನೈದು ಇಪ್ಪತ್ತು ದಿನಗಳ ಮೇಲೆ ಅವರ ಹೆಂಡತಿ, ಜೊತೆಗೆ ಮಗನನ್ನೋ ತಮ್ಮನನ್ನೋ ಕರೆದುಕೊಂಡು, ಸೆರಗು ಹೊದ್ದು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯ ಬಾಗಿಲಲ್ಲಿ ನಿಲ್ಲುತ್ತಾರೆ. ಯಾರನ್ನು ಕೇಳಬೇಕು, ಏನು ಕೇಳಬೇಕು ಎಂಬುದು ಆಕೆಗೆ ಗೊತ್ತಿಲ್ಲ. ಗಂಡನಿಗೆ ಏನೇನು ಬರಬೇಕಿತ್ತು ಎಂಬುದೂ ಗೊತ್ತಿಲ್ಲ. ಅಲ್ಲಿ ಕೂತಿರುವ ಸಹಾಯಕರಿಗೆ ಗೊತ್ತಿದೆ. 2006ರ ಏಪ್ರಿಲ್ 1ಕ್ಕೆ ಮೊದಲು ಸೇವೆಗೆ ಸೇರಿದವರಾದರೆ ಹಳೆಯ ಪಿಂಚಣಿ, ಆಮೇಲೆ ಸೇರಿದವರಾದರೆ ಹೊಸ ಯೋಜನೆ. ಕುಟುಂಬ ಪಿಂಚಣಿ ಒಂದು, ಮರಣ ಉಪದಾನ ಒಂದು, ಭವಿಷ್ಯ ನಿಧಿ ಒಂದು, ಸರ್ಕಾರಿ ವಿಮಾ ಇಲಾಖೆಯ ಪಾಲಿಸಿ ಒಂದು, ಉಳಿದ ಗಳಿಕೆ ರಜೆಯ ನಗದು ಒಂದು. ಒಂದೊಂದಕ್ಕೂ ಬೇರೆ ನಮೂನೆ, ಬೇರೆ ಕಚೇರಿ.

ಎಲ್ಲಕ್ಕೂ ಬುಡ ಸೇವಾ ಪುಸ್ತಕ. ನೌಕರಿಗೆ ಸೇರಿದ ದಿನದಿಂದ ಒಬ್ಬ ಮನುಷ್ಯನ ಹುಟ್ಟಿದ ತಾರೀಖು, ಗುರುತಿನ ಮಚ್ಚೆ, ಬಡ್ತಿ, ವಾರ್ಷಿಕ ವೇತನ ಬಡ್ತಿ, ರಜೆ, ವರ್ಗ ಎಲ್ಲವನ್ನೂ ಕಾಲಕಾಲಕ್ಕೆ ಬರೆದು ರುಜು ಹಾಕಿಸಿಟ್ಟ ಪುಸ್ತಕವದು. ಅದನ್ನು ಬರೆದವರು ಗುಮಾಸ್ತರೇ. 1994ರಲ್ಲಿ ಯಾರೋ ಒಬ್ಬರು ವೇತನ ಬಡ್ತಿಯ ಸಾಲು ಬರೆದು ಅಧಿಕಾರಿಯ ರುಜು ಹಾಕಿಸುವುದನ್ನು ಮರೆತಿದ್ದರೆ ಅದರ ಫಲ ಮೂವತ್ತು ವರ್ಷದ ಮೇಲೆ ಈ ಹೆಂಗಸಿನ ತಲೆಗೆ ಬರುತ್ತದೆ. ಪಿಂಚಣಿ ಕಾಗದಗಳು ಬೆಂಗಳೂರಿನ ಮಹಾಲೇಖಪಾಲರ ಕಚೇರಿಗೆ ಹೋಗಿ, ಆಕ್ಷೇಪಣೆ ಹೊತ್ತು ಹಿಂದಕ್ಕೆ ಬರುತ್ತವೆ. ಸೇವಾ ಪುಸ್ತಕದಲ್ಲಿ ಹೆಂಡತಿಯ ಹೆಸರು ಒಂದು ಬಗೆ, ರೇಷನ್ ಕಾರ್ಡಿನಲ್ಲಿ ಇನ್ನೊಂದು ಬಗೆ ಇದ್ದರೂ ಅಷ್ಟೇ. ಇಂಥದು ಎರಡು ಸಲ ಹಿಂದಿರುಗಿತೆಂದರೆ ವರ್ಷ ಒಂದು ಕಳೆಯುತ್ತದೆ. ಅಷ್ಟು ದಿನ ಆ ಮನೆಯ ಒಲೆ ಸಾಲದ ಮೇಲೆ ಉರಿಯಬೇಕು.

ಅನುಭವವಿರುವ ಸಹಾಯಕರು ಕಾಗದ ಕಳಿಸುವ ಮೊದಲೇ ಸೇವಾ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿ ಹಾಕುತ್ತಾರೆ. ರುಜು ಇಲ್ಲದ ಕಡೆ ಹಳೆಯ ಸಂಬಳ ಪಟ್ಟಿ ನೋಡಿ ಈಗಿನ ಅಧಿಕಾರಿಯಿಂದ ದೃಢೀಕರಿಸುತ್ತಾರೆ. ಹೆಸರು ಹೊಂದದಿದ್ದರೆ ಪ್ರಮಾಣಪತ್ರ ಮಾಡಿಸಲು ಹೇಳುತ್ತಾರೆ. ಬಾಕಿ ಇರುವ ಕಾಗದಗಳನ್ನೆಲ್ಲ ಒಂದೇ ಚೀಟಿಯಲ್ಲಿ ಬರೆದು ಕೊಡುತ್ತಾರೆ. ‘ಕೂತ್ಕೊಳ್ಳಿ ತಾಯಿ, ಅವಸರ ಇಲ್ಲ. ಇವಿಷ್ಟು ತಂದುಬಿಡಿ, ಮತ್ತೆ ಮತ್ತೆ ಅಲೆಯೋದು ಬೇಡ’ ಎನ್ನುತ್ತಾರೆ. ಆಮೇಲೆ ಪಕ್ಕದಲ್ಲಿ ನಿಂತ ಮಗನ ಕಡೆ ತಿರುಗಿ, ‘ಏನಪ್ಪಾ, ಓದು ಎಲ್ಲಿಗೆ ಬಂತು?’ ಎಂದು ಕೇಳುತ್ತಾರೆ. ಆ ಪ್ರಶ್ನೆ ಬರಿಯ ಉಪಚಾರದ್ದಲ್ಲ. ಅನುಕಂಪದ ಆಧಾರದ ನೌಕರಿಗೆ ಮರಣದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕೆಂದು 1996ರ ನಿಯಮಗಳು ಗಡುವು ಇಟ್ಟವು. ದುಃಖದಲ್ಲಿರುವ ಮನೆಗೆ ಗಡುವು ತಿಳಿದಿರುವುದಿಲ್ಲ. ಯಾರೂ ಹೇಳದೆ ವರ್ಷ ಕಳೆದುಹೋದರೆ ಆಮೇಲೆ ಕೋರ್ಟಿಗೆ ಹೋದರೂ ದಕ್ಕುವ ಭರವಸೆ ಇಲ್ಲ. ಹೇಳಬೇಕೆಂಬ ಕರ್ತವ್ಯ ಆ ಸಹಾಯಕರ ಕೆಲಸದ ಪಟ್ಟಿಯಲ್ಲಿ ಸ್ಪಷ್ಟವಾಗಿ ಇರುತ್ತದೆಂದೂ ಅಲ್ಲ. ಹೇಳಿದರೆ ಒಂದು ಮನೆ ನಿಲ್ಲುತ್ತದೆ. ಹೇಳದಿದ್ದರೆ ಅವರನ್ನು ಕೇಳುವವರು ಯಾರೂ ಇಲ್ಲ.

ಹೀಗೆ ನೌಕರಿ ಪಡೆದ ಎಷ್ಟೋ ಹುಡುಗರು, ಹುಡುಗಿಯರು ದ್ವಿತೀಯ ದರ್ಜೆ ಸಹಾಯಕರಾಗಿ ಇಂಥದೇ ಕಚೇರಿಗಳಲ್ಲಿ ಬಂದು ಕೂರುತ್ತಾರೆ. ಬಾಗಿಲಲ್ಲಿ ಸೆರಗು ಹೊದ್ದು ನಿಂತವರನ್ನು ಅವರಲ್ಲಿ ಎಲ್ಲರೂ ಗುರುತಿಸುತ್ತಾರೆ ಎಂದು ಹೇಳಲಾಗದು. ಕೆಲವರು ಗುರುತಿಸುತ್ತಾರೆ.

ಅಮೆರಿಕದಲ್ಲಿ ಇವರಿಗಾಗಿ ಒಂದು ವಾರವನ್ನೇ ಮೀಸಲಿಟ್ಟಿದ್ದಾರೆ. 1952ರಲ್ಲಿ ಸೆಕ್ರೆಟರಿಗಳ ವಾರ ಎಂದು ಶುರುವಾದದ್ದು 2000ದಿಂದ ಬೇರೆ ದೊಡ್ಡ ಹೆಸರಿನಲ್ಲಿ ನಡೆಯುತ್ತಿದೆ. ಏಪ್ರಿಲ್ ತಿಂಗಳಲ್ಲಿ ಯಜಮಾನರು ಹೂಗುಚ್ಛ ಕೊಟ್ಟು ಊಟಕ್ಕೆ ಕರೆದೊಯ್ಯುತ್ತಾರಂತೆ. ನಮ್ಮಲ್ಲಿ ಏಪ್ರಿಲ್ ಎಂದರೆ ಮಾರ್ಚ್ ಕೊನೆಯ ಬಿಲ್ಲುಗಳ ಸುಸ್ತು ಇನ್ನೂ ಇಳಿಯದ ತಿಂಗಳು. ಮಾರ್ಚ್ 31ರ ರಾತ್ರಿ ಖಜಾನೆಯ ಮುಂದೆ ಬಿಲ್ಲು ಹಿಡಿದು ನಿಂತವರನ್ನು ಕಂಡವರಿಗೆ ಹೂಗುಚ್ಛಕ್ಕಿಂತ ಒಂದು ಲೋಟ ಬಿಸಿ ಚಹಾ ವಾಸಿ ಎನಿಸೀತು.

ಕಂಪ್ಯೂಟರು ಬಂದ ಮೇಲೆ ಗುಮಾಸ್ತರು ಏಕೆ ಬೇಕು ಎಂಬ ಪ್ರಶ್ನೆ ಹಳೆಯದು. ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ ದೇಶವೇ ಕಣ್ಣರಳಿಸಿ ನೋಡಿತು. ನೋಡುವಂಥದ್ದೇ. ಆದರೆ ಕೈಬರಹದ ಪಹಣಿಯ ಒಂದೊಂದು ಸಾಲನ್ನೂ ಮುದ್ರಿತ ಪ್ರತಿಯ ಜೊತೆ ತಾಳೆ ನೋಡಿ, ಸರ್ವೆ ನಂಬರಿನ ಹಿಸ್ಸಾ ತಪ್ಪಿಲ್ಲವೆಂದು ರುಜು ಹಾಕಿದವರು ಅಂದಿನ ಗ್ರಾಮ ಲೆಕ್ಕಿಗರು ಮತ್ತು ತಾಲ್ಲೂಕು ಕಚೇರಿಯ ನೌಕರರು. ಅಲ್ಲಿ ತಪ್ಪಿದ ಕಡೆಗಳಲ್ಲಿ ರೈತರು ತಿದ್ದುಪಡಿಗಾಗಿ ವರ್ಷಗಟ್ಟಲೆ ಅಲೆದಿದ್ದಾರೆ. ಈಗ ಇ-ಆಫೀಸ್ ಬಂದಿದೆ. ಕಡತ ತೆರೆಯ ಮೇಲೆ ಓಡಾಡುತ್ತದೆ, ಯಾರ ಬಳಿ ಎಷ್ಟು ದಿನ ಕೂತಿತ್ತು ಎಂಬುದು ಕಾಣುತ್ತದೆ. ಟಿಪ್ಪಣಿಯನ್ನು ಮಾತ್ರ ಇನ್ನೂ ಯಾರಾದರೂ ಬರೆಯಲೇಬೇಕು.

ಬರೆಯುವವರೇ ಕಡಿಮೆಯಾಗುತ್ತಿದ್ದಾರೆ ಎಂಬುದು ಈಗಿನ ಚಿಂತೆ. ರಾಜ್ಯದಲ್ಲಿ ಲಕ್ಷಗಟ್ಟಲೆ ಸರ್ಕಾರಿ ಹುದ್ದೆಗಳು ಖಾಲಿ ಬಿದ್ದಿವೆ. ಒಬ್ಬ ವಿಷಯ ನಿರ್ವಾಹಕರಿಗೆ ಮೂರು ಮೇಜಿನ ಕೆಲಸ. ಖಾಲಿ ಜಾಗಗಳಿಗೆ ಹೊರಗುತ್ತಿಗೆಯಲ್ಲಿ ಡೇಟಾ ಎಂಟ್ರಿ ಹುಡುಗ ಹುಡುಗಿಯರು ಬರುತ್ತಾರೆ. ಬೆರಳು ಚುರುಕು, ಸಂಬಳ ತೀರ ಕಡಿಮೆ, ಅದೂ ಏಜೆನ್ಸಿಯವರ ಕೈದಾಟಿ ಬರಬೇಕು. ಮುಂದಿನ ವರ್ಷ ತಾವು ಇಲ್ಲಿ ಇರುತ್ತೇವೋ ಇಲ್ಲವೋ ಎಂಬುದು ಅವರಿಗೇ ತಿಳಿಯದು. ಇಂಥವರಿಂದ ಮೂವತ್ತು ವರ್ಷದ ಹಿಂದಿನ ಒತ್ತುವರಿ ದಾವೆಯ ನೆನಪನ್ನು ಕೇಳುವುದು ನ್ಯಾಯವಲ್ಲ. ಉಳಿತಾಯದ ಲೆಕ್ಕದಲ್ಲಿ ಈ ನೆನಪಿಗೆ ಕಲಂ ಇಲ್ಲ.

ನಿವೃತ್ತಿಯ ದಿನ ಪ್ರಭಾರ ಪಟ್ಟಿ ತಯಾರಾಗುತ್ತದೆ. ಚಾಲ್ತಿ ಕಡತ ಇಷ್ಟು, ಮುಕ್ತಾಯವಾದದ್ದು ಇಷ್ಟು, ಅದರಲ್ಲಿ ಶಾಶ್ವತವಾಗಿ ಇಡಬೇಕಾದ ‘ಎ’ ವರ್ಗದ್ದು ಇಷ್ಟು, ವಹಿಗಳು ಇಷ್ಟು, ಮೊಹರು ಎರಡು, ಬೀರುವಿನ ಬೀಗದ ಕೈ ಮೂರು. ಕೊಟ್ಟವರ ರುಜು, ತೆಗೆದುಕೊಂಡವರ ರುಜು. ಸಂಜೆ ಶಾಲು, ಹಾರ, ಫಲತಾಂಬೂಲ, ಸಾಹೇಬರ ಎರಡು ಮಾತು, ಉಪ್ಪಿಟ್ಟು ಕೇಸರಿಬಾತು. ಮರುದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ, ಮನೆಯ ಜಗಲಿಯಲ್ಲಿ ಪೇಪರು ಓದುತ್ತ ಕೂತವರಿಗೆ ಫೋನು ಬರುತ್ತದೆ. ‘ಸಾರ್, ನಿನ್ನೆಯಷ್ಟೇ ಬಿಟ್ಟಿದ್ದೀರಿ, ತೊಂದರೆ ಕೊಡ್ತಿದೀನಿ. ಆ ಶಾಲೆ ಜಾಗದ ದಾನಪತ್ರದ ಕಡತ ಸಿಕ್ತಾ ಇಲ್ಲ. ಕೋರ್ಟಿನವರು ಕೇಳ್ತಿದಾರೆ.’

‘ಎರಡನೇ ಬೀರು, ಕೆಳಗಿನ ಅರೆ, ಎಡಗಡೆ. ಕೆಂಪು ದಾರ ಕಟ್ಟಿದ್ದೀನಿ ನೋಡಮ್ಮ.’